ರೋಗಿಗೂ ಒಂದು ಕಿಟಕಿ: ದಿವಾನ್ ಸರ್ ಮಿರ್ಝಾ ಇಸ್ಮಾಯಿಲ್ ಕಾಲದ ಆಸ್ಪತ್ರೆಗಳು

ಬೆಂಗಳೂರಿನ ನಿಮ್ಹಾನ್ಸ್ ಹೆಸರು ಎತ್ತಿದರೆ ನಮ್ಮ ಮನೆಗಳಲ್ಲಿ ಈಗಲೂ ದನಿ ತಗ್ಗುತ್ತದೆ. ಮಂಗಳೂರು, ಬಂಟ್ವಾಳ, ಪುತ್ತೂರು ಕಡೆಯಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಹೊಸೂರು ರಸ್ತೆಯ ಆ ಗೇಟಿನ ಮುಂದೆ ಇಳಿದು, ಚೀಟಿಗಾಗಿ ಸಾಲಿನಲ್ಲಿ ನಿಲ್ಲುವ ಕುಟುಂಬಗಳು ಕಡಿಮೆಯೇನಿಲ್ಲ. ಊರಲ್ಲಿ ಕೇಳಿದವರಿಗೆ ಮಾತ್ರ ಸಂಬಂಧಿಕರ ಮನೆಗೆ ಹೋಗಿದ್ದೆವು ಅಂತ ಹೇಳುತ್ತೇವೆ. ಸಕ್ಕರೆ ಕಾಯಿಲೆಗೆ ಇಲ್ಲದ ನಾಚಿಕೆ ಮನಸ್ಸಿನ ಕಾಯಿಲೆಗೆ ಹೇಗೋ ಅಂಟಿಕೊಂಡಿದೆ.

ಆ ಗೇಟು ದಾಟಿ ಒಳಗೆ ಹೋದವರಿಗೆ ಮೊದಲು ಕಾಣುವುದು ಮರಗಳು. ಹಳೆಯ ಕಲ್ಲುಕಟ್ಟಡ, ಅಗಲವಾದ ಜಾಗ, ನಡುನಡುವೆ ಬಯಲು. ಹಳೆಯ ವಾರ್ಡುಗಳಿಗೆ ಇಂದಿಗೂ ಪೆವಿಲಿಯನ್ ಎಂದೇ ಹೆಸರು. ಬೇರೆ ಬೇರೆಯಾಗಿ ನಿಂತ, ಸುತ್ತಲೂ ಗಾಳಿ ಬೆಳಕು ಆಡುವ ವಾರ್ಡು ಎಂಬ ಅರ್ಥ ಆ ಹೆಸರಲ್ಲೇ ಇದೆ. ಮನಸ್ಸು ಕೆಟ್ಟವರನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕುವುದೇ ರೂಢಿಯಾಗಿದ್ದ ಕಾಲದಲ್ಲಿ ಅಂಥವರಿಗಾಗಿ ಹೀಗೊಂದು ಆಸ್ಪತ್ರೆ ಎದ್ದಿತು. ಆಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. ಬೃಂದಾವನದ ಕಾರಂಜಿಯ ಜೊತೆಗೆ ಅವರ ಹೆಸರನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆಸ್ಪತ್ರೆಯ ಕಥೆಯನ್ನು ಯಾರೂ ಅಷ್ಟಾಗಿ ಹೇಳಿಲ್ಲ. ಹಾಗಾಗಿ ಈ ವಾರ ಅವರ ಬದುಕನ್ನು ಆ ಬಾಗಿಲಿನಿಂದ ನೋಡೋಣ ಅಂದುಕೊಂಡೆವು.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಝಾ ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ಅಜ್ಜ ಆಗಾ ಅಲಿ ಅಸ್ಕರ್ ಪರ್ಶಿಯಾದ ಶಿರಾಝ್‌ನಿಂದ ಕುದುರೆಗಳನ್ನು ಹೊಡೆದುಕೊಂಡು ಬಂದ ವ್ಯಾಪಾರಿ. ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಇಲ್ಲೇ ನೆಲೆ ನಿಂತು, ಕುದುರೆಯ ದುಡ್ಡನ್ನು ಮನೆ ಕಟ್ಟುವುದಕ್ಕೆ ಹಾಕಿದರು. ದಂಡು ಪ್ರದೇಶದ ಹಲವು ಬಂಗಲೆಗಳು ಅವರು ಕಟ್ಟಿಸಿದವು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರದೇ ನೆನಪು. ಕಟ್ಟುವ ಹುಚ್ಚು ಮೊಮ್ಮಗನಿಗೆ ಬಂದದ್ದು ಮನೆತನದಿಂದಲೇ ಇರಬೇಕು.

ಹುಡುಗ ಮಿರ್ಝಾರ ದಾರಿ ತಿರುಗಿದ್ದು ಅರಮನೆಯ ತರಗತಿಯಲ್ಲಿ. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪಾಠ ಹೇಳಲು ಸ್ಟುವರ್ಟ್ ಫ್ರೇಸರ್ ಎಂಬ ಅಧಿಕಾರಿಯನ್ನು ನೇಮಿಸಿದ್ದರು. ಮಹಾರಾಜರ ಜೊತೆ ಕೂತು ಓದಲು ಆರಿಸಿದ ಕೆಲವೇ ಹುಡುಗರಲ್ಲಿ ಮಿರ್ಝಾ ಒಬ್ಬರು. ಅಲ್ಲಿ ಶುರುವಾದ ಗೆಳೆತನ ಮಹಾರಾಜರು 1940ರಲ್ಲಿ ತೀರಿಕೊಳ್ಳುವವರೆಗೂ ಕೆಡಲಿಲ್ಲ. ಒಬ್ಬರು ಹಿಂದೂ ಅರಸ, ಇನ್ನೊಬ್ಬರು ಪರ್ಶಿಯನ್ ಮೂಲದ ಮುಸ್ಲಿಂ. ಆ ನಂಟಿನ ಮೇಲೆ ಒಂದು ಸಂಸ್ಥಾನದ ಆಡಳಿತವೇ ನಿಂತಿತ್ತು.

ಸೆಂಟ್ರಲ್ ಕಾಲೇಜಿನಲ್ಲಿ ಓದಿ 1904ರಲ್ಲಿ ಪದವಿ ಪಡೆದರು. ಮರುವರ್ಷ ಸಂಸ್ಥಾನದ ಪೊಲೀಸ್ ಇಲಾಖೆಗೆ ಸೇರಿ, ಅಲ್ಲಿಂದ ಅರಮನೆಯ ಕಚೇರಿಗೆ ಬಂದರು. 1914ರಲ್ಲಿ ಹುಜೂರ್ ಕಾರ್ಯದರ್ಶಿ, ಆಮೇಲೆ ಮಹಾರಾಜರ ಖಾಸಗಿ ಕಾರ್ಯದರ್ಶಿ. 1926ರ ಮೇ ತಿಂಗಳಲ್ಲಿ ದಿವಾನರಾದರು. ಆಗ ಅವರಿಗೆ ಇನ್ನೂ 42 ವರ್ಷ. 1941ರವರೆಗೆ, ಅಂದರೆ ಹದಿನೈದು ವರ್ಷ ಆ ಕುರ್ಚಿಯಲ್ಲಿ ಕೂತರು.

ಅರಮನೆಗೂ ಬಂದ ಕ್ಷಯ

ದಿವಾನರಾಗುವ ಮುಂಚೆಯೇ ಮಿರ್ಝಾ ಹತ್ತಿರದಿಂದ ಕಂಡ ದುಃಖ ಒಂದಿತ್ತು. ಮಹಾರಾಜರ ಅಕ್ಕತಂಗಿಯರಲ್ಲಿ ಒಬ್ಬರಾದ ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಅವರ ಹೆಣ್ಣುಮಕ್ಕಳನ್ನೂ ಅದೇ ರೋಗ ಬಿಡಲಿಲ್ಲ. ಆಗ ಕ್ಷಯಕ್ಕೆ ಮದ್ದೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಅಲ್ಲಿಯವರೆಗೆ ವೈದ್ಯರ ಕೈಯಲ್ಲಿದ್ದದ್ದು ಒಳ್ಳೆಯ ಗಾಳಿ, ಬಿಸಿಲು, ಒಳ್ಳೆಯ ಊಟ, ವಿಶ್ರಾಂತಿ, ಇಷ್ಟೇ. ಅಂದಮೇಲೆ ಕಟ್ಟಡವೇ ಮದ್ದು. ಕಿಟಕಿ ಎಲ್ಲಿದೆ, ವರಾಂಡ ಎಷ್ಟು ಅಗಲ, ಹಾಸಿಗೆಯ ಮೇಲೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂಬುದರ ಮೇಲೆ ಜೀವ ನಿಂತಿತ್ತು.

ಆ ರಾಜಕುಮಾರಿಯ ನೆನಪಿಗೆ ಮೈಸೂರು ಊರಾಚೆಯ ಎತ್ತರದ ಬಯಲಿನಲ್ಲಿ 1921ರಲ್ಲಿ ಒಂದು ಕ್ಷಯ ಆರೋಗ್ಯಧಾಮ ಎದ್ದಿತು. ಇಂದು ಪಿಕೆಟಿಬಿ ಆಸ್ಪತ್ರೆ ಅನ್ನುತ್ತೇವಲ್ಲ, ಅದೇ. ಆಗ ಮಿರ್ಝಾ ಅರಮನೆಯ ಕಾರ್ಯದರ್ಶಿ. ಅರಮನೆಯ ಗೋಡೆಯೊಳಗೂ ನುಗ್ಗಿದ ರೋಗಕ್ಕೆ ಉತ್ತರವಾಗಿ ಬಡವರೂ ಬಂದು ಮಲಗಬಹುದಾದ ಆಸ್ಪತ್ರೆ ಎದ್ದದ್ದನ್ನು ಅವರು ಒಳಗಿನಿಂದಲೇ ಕಂಡವರು.

ಹುಚ್ಚಾಸ್ಪತ್ರೆ ಎಂಬ ಹೆಸರು ಬಿಟ್ಟು

ಬೆಂಗಳೂರಿನಲ್ಲಿ ಮನೋರೋಗಿಗಳಿಗೆ ಒಂದು ಆಸ್ಪತ್ರೆ 1847ರಿಂದಲೇ ಇತ್ತು. ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರು ಅದನ್ನು ಶುರು ಮಾಡಿದವರು. ಅದು ಇದ್ದದ್ದು ಪೇಟೆಯ ಬಳಿ. ಊರು ಬೆಳೆದಂತೆ ಸುತ್ತ ಗದ್ದಲವೂ ಬೆಳೆಯಿತು, ರೋಗಿಗಳೂ ಹೆಚ್ಚಾದರು, ಜಾಗ ಮಾತ್ರ ಅಷ್ಟೇ ಉಳಿಯಿತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. 1925ರಲ್ಲಿ ಮೈಸೂರು ಸರಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. ಹೆಸರು ಬದಲಾದರೆ ಏನಾಯಿತು ಅಂತ ಕೇಳಬಹುದು. ಹುಚ್ಚ ಅನ್ನಿಸಿಕೊಂಡವನನ್ನು ರೋಗಿ ಎಂದು ಕರೆದ ದಿನದಿಂದ ಅವನನ್ನು ಇಟ್ಟುಕೊಳ್ಳುವ ಕಟ್ಟಡ ಜೈಲಿನಂತೆ ಇರುವುದು ಸರಿಯಲ್ಲ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಿರ್ಝಾ ದಿವಾನರಾಗಿದ್ದಾಗ, 1930ರ ದಶಕದಲ್ಲಿ. ಆಗ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಆಗಿದ್ದವರು ಡಾ. ಫ್ರಾಂಕ್ ನೊರೊನ್ಹಾ. ಲಾಲ್‌ಬಾಗಿನ ದಕ್ಷಿಣಕ್ಕೆ, ಹೊಸೂರು ರಸ್ತೆಯ ಪಕ್ಕದ ಎತ್ತರದ ಬಯಲಿನಲ್ಲಿ ಹೊಸ ಆಸ್ಪತ್ರೆ ಕಟ್ಟಿ ರೋಗಿಗಳನ್ನು ಅಲ್ಲಿಗೆ ಕರೆತಂದರು. ಸಾಮಾನ್ಯವಾಗಿ ಮನೋರೋಗಿಗಳಿಗೆ ಸಿಗುವುದು ಯಾರಿಗೂ ಬೇಡವಾದ ಮೂಲೆ. ಇಲ್ಲಿ ಒಳ್ಳೆಯ ಗಾಳಿಯಾಡುವ, ನೀರು ನಿಲ್ಲದ, ವಿಶಾಲವಾದ ನೆಲ ಅವರ ಪಾಲಿಗೆ ಬಂತು.

ಗಾಳಿಯ ಲೆಕ್ಕ

ಪೆವಿಲಿಯನ್ ಮಾದರಿಯ ಆಸ್ಪತ್ರೆ ಅಂದರೆ ಏನು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 19ನೇ ಶತಮಾನದ ನಡುವಿನವರೆಗೆ ದೊಡ್ಡ ಆಸ್ಪತ್ರೆ ಅಂದರೆ ಒಂದೇ ದೊಡ್ಡ ಕಟ್ಟಡ. ಒಬ್ಬರ ಉಸಿರು ಇನ್ನೊಬ್ಬರಿಗೆ, ಒಬ್ಬರ ಸೋಂಕು ಎಲ್ಲರಿಗೆ. ಗಾಯದಿಂದ ಸಾಯುವವರಿಗಿಂತ ಆಸ್ಪತ್ರೆಯಲ್ಲಿ ಹತ್ತಿದ ಜ್ವರದಿಂದ ಸಾಯುವವರೇ ಹೆಚ್ಚು ಎಂಬ ಸ್ಥಿತಿಯನ್ನು ಕ್ರಿಮಿಯಾ ಯುದ್ಧದಲ್ಲಿ ಕಂಡ ಫ್ಲಾರೆನ್ಸ್ ನೈಟಿಂಗೇಲ್, 1859ರಲ್ಲಿ ಆಸ್ಪತ್ರೆ ಕಟ್ಟಡಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ವಾರ್ಡುಗಳು ಬೇರೆ ಬೇರೆ ನಿಲ್ಲಲಿ, ಉದ್ದವಾಗಿ ಕಿರಿದಾಗಿ ಇರಲಿ, ಎರಡೂ ಬದಿ ಎದುರುಬದುರು ಕಿಟಕಿ ಇರಲಿ ಎಂಬುದು ಅವರ ವಾದ. ಒಂದು ಬದಿಯಿಂದ ಬಂದ ಗಾಳಿ ಇನ್ನೊಂದು ಬದಿಯಿಂದ ಹೊರಗೆ ಹೋಗಬೇಕು. ಮಾಡಿನ ಹತ್ತಿರದ ಗಾಳಿಗಂಡಿಯಿಂದ ಬಿಸಿ ಗಾಳಿ ಏರಿ ಹೊರಬೀಳಬೇಕು. ಪ್ಯಾರಿಸ್ಸಿನ ಲಾರಿಬ್ವಾಸಿಯೆರ್ ಆಸ್ಪತ್ರೆ ಆಗ ಇದಕ್ಕೆ ಹೆಸರಾದ ಮಾದರಿ. ನಮ್ಮ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು 1860ರ ದಶಕದಲ್ಲಿ ಅದೇ ನಕ್ಷೆಯ ಮೇಲೆ ಕಟ್ಟಿದ್ದರು. ಅಂದರೆ ಮಿರ್ಝಾ ಹುಟ್ಟುವ ಮೊದಲೇ ಆ ವಿದ್ಯೆ ಊರಿಗೆ ಬಂದಿತ್ತು.

ನಮ್ಮ ನೆಲದಲ್ಲಿ ಈ ಲೆಕ್ಕ ಅದಕ್ಕಿಂತಲೂ ಹಳೆಯದು. ಕರಾವಳಿಯಿಂದ ಘಟ್ಟ ಹತ್ತಿದರೆ ಸಿಗುವ ಹಾಸನ ಸೀಮೆ ಮಿರ್ಝಾ ಆಳಿದ ಮೈಸೂರಿನದ್ದು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ಮಂಗಳೂರಿಗೆ ಅದು ಪಕ್ಕದ ರಾಜ್ಯ. ಆ ಸೀಮೆಯ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮಂಟಪ ಮೊದಲು ತೆರೆದೇ ಇತ್ತು. ಮುಂದೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಅದನ್ನು ಮುಚ್ಚಬೇಕಾದಾಗ ಗೋಡೆ ಎಬ್ಬಿಸಿ ಸುಮ್ಮನಾಗಲಿಲ್ಲ. ಕಲ್ಲಿನಲ್ಲಿ ತೂತು ಕೊರೆದ ಜಾಲಂಧ್ರಗಳನ್ನು ಕೂರಿಸಿದರು. ಮಳೆ ಬಿಸಿಲು ಹೊರಗೆ, ಗಾಳಿ ಬೆಳಕು ಒಳಗೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲೂ ಅಂಥದೇ ಜಾಲಂಧ್ರ. ಅರಸೀಕೆರೆಯ ಈಶ್ವರ ದೇವಾಲಯದ ಮುಂದಿನ ನಕ್ಷತ್ರಾಕಾರದ ಮಂಟಪವಂತೂ ಸುತ್ತಲೂ ತೆರೆದದ್ದು. ಎಲ್ಲಿ ಕೂತರೂ ಗಾಳಿ ಬರುತ್ತದೆ. ಕಲ್ಲು, ನೆರಳು, ಗಾಳಿ ಇವಿಷ್ಟನ್ನು ಹೊಂದಿಸಿದರೆ ಒಳಗಿರುವವರು ತಂಪಾಗಿರುತ್ತಾರೆ ಅನ್ನೋದು ಇಲ್ಲಿಯ ಕಲ್ಲುಕುಟಿಗರಿಗೆ ಒಂಬೈನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಮುಸ್ಲಿಂ ನಾಡುಗಳ ಬೀಮಾರಿಸ್ತಾನ್‌ಗಳಲ್ಲೂ ಇದೇ ಯೋಚನೆ. ಕೈರೋದಲ್ಲಿ ಸುಲ್ತಾನ್ ಖಲಾವೂನ್ 1284ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಜ್ವರಕ್ಕೆ, ಕಣ್ಣಿಗೆ, ಶಸ್ತ್ರಚಿಕಿತ್ಸೆಗೆ ಬೇರೆ ಬೇರೆ ವಿಭಾಗಗಳು, ನಡುವೆ ಹರಿಯುವ ನೀರು. ತುರ್ಕಿಯ ಎದಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಕಟ್ಟಿಸಿದ ಆಸ್ಪತ್ರೆಯ ಗುಮ್ಮಟದ ಕೆಳಗೆ ಕಾರಂಜಿ. ಮನಸ್ಸು ನೊಂದವರಿಗೆ ಆ ನೀರಿನ ಸದ್ದು, ಹೂವಿನ ಪರಿಮಳ, ಸಂಗೀತ ಎಲ್ಲವೂ ಚಿಕಿತ್ಸೆಯ ಭಾಗ. ಬೇಲೂರು, ಕೈರೋ, ಎದಿರ್ನೆ, ಪ್ಯಾರಿಸ್ ಎಲ್ಲ ಕಡೆಯೂ ಇದೇ ಯೋಚನೆ. ಮನುಷ್ಯನ ಮೈ ಎಲ್ಲ ಕಡೆ ಒಂದೇ, ಅದು ಕೇಳುವುದೂ ಒಂದೇ.

ಬೆಂಗಳೂರಿನ ಹೊಸ ಮಾನಸಿಕ ಆಸ್ಪತ್ರೆಯಲ್ಲಿ ಈ ತತ್ವ ರೋಗಿಗೆ ಹೇಗೆ ಒದಗಿತು ನೋಡಿ. ವಾರ್ಡುಗಳು ಬಿಡಿಬಿಡಿ ಇದ್ದರೆ ಒಬ್ಬನ ಕೂಗಾಟ ಇನ್ನೊಬ್ಬನ ನಿದ್ದೆ ಕೆಡಿಸುವುದಿಲ್ಲ. ಗಲಾಟೆ ಮಾಡುವ ಸ್ಥಿತಿಯಲ್ಲಿರುವವರನ್ನೂ ಗುಣವಾಗುತ್ತಾ ಬಂದವರನ್ನೂ ಬೇರೆ ಇಡಬಹುದು. ಕಟ್ಟಡ ನೆಲಮಟ್ಟದಲ್ಲಿದ್ದರೆ ಮೆಟ್ಟಿಲು ಹತ್ತಿಳಿಯುವ ಕಷ್ಟವಿಲ್ಲ, ಮಹಡಿಯಿಂದ ಹಾರುವ ಭಯವೂ ಇಲ್ಲ. ಬಾಗಿಲು ತೆರೆದರೆ ಅಂಗಳ, ಅಂಗಳದಲ್ಲಿ ಮರ. ಮಂಕಾಗಿ ಕೂತವನು ನಾಲ್ಕು ಹೆಜ್ಜೆ ಹೊರಗೆ ಇಟ್ಟರೆ ಆಕಾಶ ಕಾಣುತ್ತದೆ. ದಪ್ಪ ಕಲ್ಲುಗೋಡೆ ಹಗಲಿನ ಸೆಕೆಯನ್ನು ತಡೆಯುತ್ತದೆ, ವರಾಂಡ ಎರಚಲನ್ನು ತಡೆಯುತ್ತದೆ. ಇದಕ್ಕೆ ಕರೆಂಟು ಬೇಡ, ಬಿಲ್ಲೂ ಇಲ್ಲ. ಪರಿಸರಸ್ನೇಹಿ ಕಟ್ಟಡ ಅಂತ ಈಗ ಯಾವುದಕ್ಕೆ ದೊಡ್ಡ ಹೆಸರು ಕೊಡುತ್ತೇವೋ ಅದನ್ನು ಅಂದು ಸಾಮಾನ್ಯ ಬುದ್ಧಿ ಅನ್ನುತ್ತಿದ್ದರು.

ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ಮುಖ್ಯಸ್ಥ ಎಡ್ವರ್ಡ್ ಮ್ಯಾಪೊದರ್ 1930ರ ದಶಕದ ಕೊನೆಗೆ ಭಾರತದ ಮಾನಸಿಕ ಆಸ್ಪತ್ರೆಗಳನ್ನು ಸುತ್ತಿ ನೋಡಿದರು. ಬ್ರಿಟಿಷರೇ ನಡೆಸುತ್ತಿದ್ದ ಹಲವು ಆಸ್ಪತ್ರೆಗಳ ಸ್ಥಿತಿ ಕಂಡು ಅವರು ಬೇಸರಪಟ್ಟರು. ದೇಶೀ ಸಂಸ್ಥಾನವೊಂದು ಕಟ್ಟಿದ ಬೆಂಗಳೂರಿನ ಆಸ್ಪತ್ರೆ ಮಾತ್ರ ಅವರಿಗೆ ಮೆಚ್ಚಿಗೆಯಾಯಿತು.

ಚೆಂದ ಯಾರಿಗಾಗಿ?

ಮಿರ್ಝಾರ ಮೇಲೆ ಆಗಲೂ ಒಂದು ದೂರು ಇತ್ತು. ಬಡವರ ರಾಜ್ಯದಲ್ಲಿ ಉದ್ಯಾನ, ದೀಪದ ಕಂಬ, ವೃತ್ತ ಅಂತ ದುಡ್ಡು ಸುರಿಯುತ್ತಾರೆ ಅಂತ. ಬೆಳಿಗ್ಗೆ ಕುದುರೆ ಏರಿ ಊರು ಸುತ್ತುವುದು, ಚರಂಡಿ ಕಟ್ಟಿದ್ದರೆ, ಗಿಡ ಒಣಗಿದ್ದರೆ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುವುದು ಅವರ ರೂಢಿ. ಲಾಲ್‌ಬಾಗನ್ನು ಬೆಳೆಸಿದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಜೊತೆ ಸೇರಿ ಬೃಂದಾವನ ಉದ್ಯಾನ ಮಾಡಿಸಿದರು. ಬೆಂಗಳೂರಿನ ಪುರಭವನವೂ ಅವರ ಕಾಲದ್ದೇ.

ಆದರೆ ಅದೇ ಕೈಯಿಂದ ಆದ ಉಳಿದ ಕೆಲಸಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಬಂತು. ಹಳ್ಳಿಗಳಿಗೆ ವಿದ್ಯುತ್ ಹೋಯಿತು. ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರ ಶುರುವಾಯಿತು. ಬೇಲೂರಿನ ನೆರೆಯ ಮೂಡಿಗೆರೆಯಂಥ ಮಲೆನಾಡಿನ ಊರಿನಲ್ಲಿ ಮಲೇರಿಯಾ ಅಧ್ಯಯನ ನಡೆಯಿತು. 1935ರಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಹೆಂಗಸರಿಗೂ ಮಕ್ಕಳಿಗೂ ಅಂತಲೇ ತೆರೆಯಿತು. ಗಂಡಸರ ನಡುವೆ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿದು ಮನೆಯಲ್ಲೇ ಹೆರಿಗೆಯಾಗಿ ಪ್ರಾಣ ಬಿಟ್ಟ ಉಮ್ಮಂದಿರ ಕಥೆ ಗೊತ್ತಿರುವ ನಮಗೆ ಅದರ ಬೆಲೆ ಬೇರೆಯವರು ಹೇಳಿಕೊಡಬೇಕಿಲ್ಲ.

ಚೆಂದ ಎಂಬುದು ಅರಮನೆಯವರ ಸೊತ್ತು ಅಂತ ಮಿರ್ಝಾ ತಿಳಿದಿರಲಿಲ್ಲ. ಸಾಮಾನ್ಯ ಜನ ನಡೆಯುವ ರಸ್ತೆ, ಕೂರುವ ಪಾರ್ಕು ಚೆಂದವಿರಬೇಕು ಅನ್ನೋದು ಅವರ ಹಟ. ಆ ಹಟ ಮನೋರೋಗಿಯ ಅಂಗಳದವರೆಗೂ ಹೋಯಿತು ಎಂಬುದರಲ್ಲೇ ಅವರ ದೊಡ್ಡಸ್ತಿಕೆ ಇದೆ. ರಾಜನ ತೋಟಕ್ಕೆ ಹೂವು ನೆಟ್ಟರೆ ಹೊಗಳುವವರು ಸಿಗುತ್ತಾರೆ. ತನ್ನ ಹೆಸರೇ ಮರೆತು ಕೂತವನ ಕಿಟಕಿಯ ಹೊರಗೆ ಮರ ಬೆಳೆಸಿದರೆ ಹೊಗಳಲು ಯಾರೂ ಬರುವುದಿಲ್ಲ.

ಕಪ್ಪು ದಿನಗಳು

ಬದುಕು ಪೂರ್ತಿ ಹೂವಿನ ಹಾಸಿಗೆಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿಚಾರ ಗಲಭೆಯಾಗಿ ಬೆಳೆದಾಗ, ದಿವಾನರು ಮುಸ್ಲಿಂ ಎಂಬುದನ್ನೇ ಮುಂದೆ ಮಾಡಿದವರಿದ್ದರು. ಸರ್ ಎಂ. ವಿಶ್ವೇಶ್ವರಯ್ಯ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂತಿತು. ಮಹಾರಾಜರು ಮಿರ್ಝಾರ ಕೈ ಬಿಡಲಿಲ್ಲ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಆಡಳಿತ ಮಿರ್ಝಾರದ್ದು, ಆ ಕಲೆ ಅವರ ಹೆಸರಿಗೆ ಅಂಟಿದ್ದು ಸಹಜವೇ. ಆಮೇಲೆ ಕಾಂಗ್ರೆಸ್ ನಾಯಕ ಸರ್ದಾರ್ ಪಟೇಲ್ ಬಂದು ಮಾತುಕತೆಯಾಗಿ ಒಪ್ಪಂದವಾಯಿತು. ಒಳ್ಳೆಯ ಆಡಳಿತ ಕೊಟ್ಟರೆ ಸಾಕು, ಜನರ ಕೈಗೆ ಅಧಿಕಾರ ಕೊಡುವ ಆತುರವಿಲ್ಲ ಎಂಬ ನಂಬಿಕೆ ಅವರದು. ಕಾಲ ಅದನ್ನು ಒಪ್ಪಲಿಲ್ಲ.

ಗೆಳೆಯ ಮಹಾರಾಜರು ತೀರಿಕೊಂಡ ಮರುವರ್ಷ ದಿವಾನಗಿರಿ ಬಿಟ್ಟರು. ಬಳಿಕ ಜೈಪುರದ ಪ್ರಧಾನಿಯಾದರು. ಅಲ್ಲಿಯ ಮುಖ್ಯರಸ್ತೆಯನ್ನು ಇಂದಿಗೂ ಎಂ.ಐ. ರೋಡ್ ಎಂದೇ ಕರೆಯುತ್ತಾರೆ. 1946ರಲ್ಲಿ ಹೈದರಾಬಾದಿಗೆ ಹೋದರು. ದೇಶ ಒಡೆಯುವುದನ್ನು ಒಪ್ಪದ ಮಿರ್ಝಾರಿಗೆ ಅಲ್ಲಿ ಹೆಚ್ಚು ದಿನ ನಿಲ್ಲಲಾಗಲಿಲ್ಲ. ಮರುವರ್ಷವೇ ಬಿಟ್ಟು ಬಂದರು. 1950ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ಆತ್ಮಕಥೆ ಬಂತು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು.

ಅವರು ಬಿಟ್ಟುಹೋದ ಆಸ್ಪತ್ರೆ ಮಾತ್ರ ಬೆಳೆಯುತ್ತಲೇ ಹೋಯಿತು. ಡಾ. ನೊರೊನ್ಹಾ ನಂತರ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅದನ್ನು ಕಲಿಕೆಯ ಕೇಂದ್ರ ಮಾಡಿದರು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದೇ ಆವರಣದಲ್ಲಿ ಬಂತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಕುಟುಂಬದವರೂ ರೋಗಿಯ ಜೊತೆ ಉಳಿಯುವ ವಾರ್ಡುಗಳು ಬಂದವು. ಗುಣವಾಗುತ್ತಿರುವವರು ಬ್ರೆಡ್ಡು ಬಿಸ್ಕತ್ತು ಮಾಡಲು ಕಲಿಯುವ ಬೇಕರಿಯೂ ಬಂತು. ಅಷ್ಟಕ್ಕೆಲ್ಲ ಜಾಗ ಸಿಕ್ಕಿದ್ದು ಮೊದಲು ನೆಲ ಹಿಡಿದವರು ಕೈ ಬಿಗಿ ಮಾಡದೆ ಇದ್ದುದರಿಂದ.

ನಮ್ಮ ಪಾಲಿನ ಕೆಲಸ

ಈಗ ನಮ್ಮ ಸಮುದಾಯದಲ್ಲೂ ಆಸ್ಪತ್ರೆ ಕಟ್ಟುವ ಶಕ್ತಿ ಬಂದಿದೆ. ಗಲ್ಫಿನಲ್ಲಿ ದುಡಿದವರು ಕೈ ಬಿಚ್ಚಿ ಕೊಡುತ್ತಾರೆ. ಡಯಾಲಿಸಿಸ್ ಕೇಂದ್ರ, ಹೆರಿಗೆ ವಾರ್ಡು, ಕ್ಲಿನಿಕ್ಕು ಅಲ್ಲಲ್ಲಿ ಏಳುತ್ತಿವೆ. ಸಂತೋಷವೇ. ಆದರೆ ನಕ್ಷೆ ನೋಡುವಾಗ ನಮ್ಮ ಕಣ್ಣು ಹೋಗುವುದು ಎದುರಿನ ಗಾಜಿಗೆ, ಸ್ವಾಗತ ಕೋಣೆಯ ಅಮೃತಶಿಲೆಗೆ. ಒಳಗೆ ಕಿಟಕಿ ತೆರೆಯಲಾಗದ ಕೋಣೆ, ಹಗಲಲ್ಲೂ ಟ್ಯೂಬ್‌ಲೈಟು. ಕೋವಿಡ್ ಬಂದಾಗ ಎಲ್ಲರೂ ಕಿಟಕಿ ತೆರೆಯಿರಿ ಅಂದರು. ಹಲವು ಕಡೆ ತೆರೆಯಲು ಕಿಟಕಿಯೇ ಇರಲಿಲ್ಲ.

ಹಣ ಕೊಡುವವರು, ಟ್ರಸ್ಟಿನಲ್ಲಿ ಕೂತವರು ಇಂಜಿನಿಯರನ್ನು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಹಾಸಿಗೆಯಲ್ಲಿ ಮಲಗಿದವರಿಗೆ ಹೊರಗಿನ ಒಂದು ಮರವಾದರೂ ಕಾಣುತ್ತದೆಯೇ? ಕರೆಂಟು ಹೋದರೆ ಗಾಳಿ ಆಡುತ್ತದೆಯೇ? ರೋಗಿಯ ಜೊತೆ ಬಂದ ಉಮ್ಮ ರಾತ್ರಿ ಎಲ್ಲಿ ಕೂರುತ್ತಾರೆ, ಎಲ್ಲಿ ನಮಾಝ್ ಮಾಡುತ್ತಾರೆ, ಎಲ್ಲಿ ತುತ್ತು ಉಣ್ಣುತ್ತಾರೆ? ಆಷಾಢದ ಮಳೆಯಲ್ಲಿ ಸ್ಟ್ರೆಚರ್ ಇಳಿಸಲು ಮಾಡು ಇದೆಯೇ? ಇದಕ್ಕೆಲ್ಲ ಕೋಟಿ ಬೇಕಿಲ್ಲ, ರೋಗಿಯ ಜಾಗದಲ್ಲಿ ಒಮ್ಮೆ ಮಲಗಿ ನೋಡುವ ಮನಸ್ಸು ಸಾಕು.

ಕಟ್ಟಡಕ್ಕಿಂತ ಮೊದಲು ಆಗಬೇಕಾದ ಕೆಲಸವೂ ಒಂದಿದೆ. ಮನೆಯ ಹುಡುಗ ವಾರಗಟ್ಟಲೆ ಮಾತಾಡದೆ ಕೂತರೆ, ಬಾಣಂತಿ ಕಾರಣವಿಲ್ಲದೆ ಅಳುತ್ತಲೇ ಇದ್ದರೆ, ಅವರನ್ನು ಒಳಕೋಣೆಯಲ್ಲಿ ಬಚ್ಚಿಡುವುದು ಬೇಡ. ದುಆ ಮಾಡೋಣ, ಹಾಗೆಯೇ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗೋಣ. ಒಂದಕ್ಕೆ ಇನ್ನೊಂದು ಅಡ್ಡಿಯಲ್ಲ. ನೆರೆಯವರು ಕೇಳಿದರೆ ಆಸ್ಪತ್ರೆಗೆ ಹೋಗಿ ಬಂದೆವು ಅಂತಲೇ ಹೇಳೋಣ. ಸುಮಾರು ತೊಂಬತ್ತು ವರ್ಷದ ಹಿಂದೆ ಒಂದು ಸರಕಾರ ಇಂಥ ರೋಗಿಗಳಿಗೆ ಊರಿನ ಒಳ್ಳೆಯ ನೆಲ ಬಿಟ್ಟುಕೊಟ್ಟಿತು. ನಾವು ನಮ್ಮ ಮನೆಯ ಜಗಲಿಯಲ್ಲಿ ಅವರಿಗೆ ಒಂದಿಷ್ಟು ಜಾಗ ಬಿಟ್ಟುಕೊಡಲಾರೆವೇ?